ನಡೆವ ಮುನಿ, ನಡೆವ ವಿಮಾನ

ಕೊಲ್ಲಬೇಕೆಂಬ ಸಂಕಲ್ಪವಿಲ್ಲದೆ, ದ್ವೇಷಲೋಭಗಳ ಸೋಂಕೂ ಇಲ್ಲದೆ, ತನಗೆ ವಿಹಿತವಾದ ಕಾರ್ಯದಲ್ಲಿ ತೊಡಗಿರುವ ಒಬ್ಬನ ಕೈಯಿಂದ ಮತ್ತೊಬ್ಬನ ಪ್ರಾಣ ಹೋದಾಗ, ಆ ಹಿಂಸೆ ಯಾರಿಗೆ ಸೇರತಕ್ಕದ್ದು ಎಂಬ ಪ್ರಶ್ನೆ ನಮ್ಮ ನಾಡಿನ ಧರ್ಮಚಿಂತನೆಯಷ್ಟೇ ಪುರಾತನವಾದುದು. ಸರಯೂ ತೀರದ ಕತ್ತಲಲ್ಲಿ, ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟ ದಶರಥನಿಗೆ ಆ ಋಷಿಕುಮಾರನ ಮೇಲೆ ಯಾವ ಹಗೆಯೂ ಇರಲಿಲ್ಲ. ಆದರೂ ಶಾಪ ತಪ್ಪಲಿಲ್ಲ. ಧರ್ಮಶಾಸ್ತ್ರಕಾರರು ಬಯಸಿ ಮಾಡಿದ ಪಾಪವನ್ನೂ ಬಯಸದೆ ಆದ ಪಾಪವನ್ನೂ ಬೇರ್ಪಡಿಸಿ ಪ್ರಾಯಶ್ಚಿತ್ತದಲ್ಲಿ ತಾರತಮ್ಯವನ್ನು ಕಲ್ಪಿಸಿದರೇ ಹೊರತು, ಬಯಸದೆ ಆದುದು ಪಾಪವೇ ಅಲ್ಲವೆಂದು ಹೇಳಲಿಲ್ಲ. ಈ ಪ್ರಶ್ನೆಯನ್ನು ಅದರ ಅತ್ಯಂತ ನಿಚ್ಚಳವಾದ ರೂಪದಲ್ಲಿ ನೋಡಬೇಕೆನ್ನುವವರಿಗೆ ನಮ್ಮ ಕಾಲವು ಒದಗಿಸಿರುವ ಸ್ಥಳವೊಂದುಂಟು. ಅದು ವಿಮಾನನಿಲ್ದಾಣದ ನೆಲ.

ಆಕಾಶದಿಂದ ವಿಮಾನ ಬಿದ್ದರೆ ಗಾಳಿಯನ್ನೋ ಸಿಡಿಲನ್ನೋ ಯಂತ್ರವನ್ನೋ ಕಾರಣವಾಗಿ ಹೇಳಬಹುದು. 2023ರ ಜೂನ್ 1ರಂದು ನಮ್ಮ ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ತರಬೇತಿ ವಿಮಾನವೊಂದು ಬಿದ್ದು, ಅದರೊಳಗಿದ್ದ ಇಬ್ಬರು ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡಾಗ, ಸುತ್ತಣ ಹಳ್ಳಿಗಳ ಜನರು ಮೇಲೆ ನೋಡಿ ಕೈಮುಗಿದುದು ಸಹಜವೇ ಆಗಿತ್ತು. ಆದರೆ ನೆಲದ ಮೇಲೆ ತನ್ನ ಗಾಲಿಗಳಿಂದಲೇ ಮೆಲ್ಲನೆ ಉರುಳುತ್ತ, ನಿಂತ ಎಡೆಯಿಂದ ರನ್‌ವೇಗೋ ರನ್‌ವೇಯಿಂದ ನಿಲ್ಲುವ ಎಡೆಗೋ ಸಾಗುವ ವಿಮಾನಕ್ಕೆ, ಅಂದರೆ ವೈಮಾನಿಕರು ಟ್ಯಾಕ್ಸಿಯಿಂಗ್ ಎಂದು ಕರೆಯುವ ಆ ನಡಿಗೆಯಲ್ಲಿರುವ ವಿಮಾನಕ್ಕೆ, ಮೇಲೆ ನೋಡಿ ಹೇಳಬಹುದಾದ ಯಾವ ನೆಪವೂ ಇಲ್ಲ. ಹಳದಿಯ ಗೆರೆ ದಾರಿ ತೋರಿಸುತ್ತದೆ, ದೀಪಗಳಿವೆ, ಫಲಕಗಳಿವೆ, ಗೋಪುರದಲ್ಲಿ ಕುಳಿತ ನಿಯಂತ್ರಕನ ಮಾತು ಕಿವಿಯಲ್ಲಿದೆ, ವೇಗವೋ ಹಾರಾಟದ ವೇಗಕ್ಕೆ ಹೋಲಿಸಿದರೆ ಬಹಳ ಕಡಿಮೆ. ಇಷ್ಟಿದ್ದೂ ರೆಕ್ಕೆಗೆ ರೆಕ್ಕೆ ತಗಲುತ್ತದೆ. 2024ರ ಮಾರ್ಚ್ 27ರಂದು ಕೋಲ್ಕತ್ತದಲ್ಲಿ, ರನ್‌ವೇಗೆ ಹೋಗಲು ಅಪ್ಪಣೆಗಾಗಿ ಕಾದು ನಿಂತಿದ್ದ ವಿಮಾನದ ರೆಕ್ಕೆಯ ತುದಿಯನ್ನು ಅದರ ಪಕ್ಕದಲ್ಲಿ ಸಾಗುತ್ತಿದ್ದ ಇನ್ನೊಂದು ವಿಮಾನದ ರೆಕ್ಕೆ ಮುರಿಯಿತು, ಎರಡರಲ್ಲಿಯೂ ಪ್ರಯಾಣಿಕರಿದ್ದರು. 2025ರ ಏಪ್ರಿಲ್ 18ರ ನಡುಹಗಲಿನಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ, ಸುಮ್ಮನೆ ನಿಂತಿದ್ದ ವಿಮಾನದ ಅಡಿಗೆ ಸಿಬ್ಬಂದಿಯನ್ನು ಸಾಗಿಸುವ ಟೆಂಪೋ ಟ್ರಾವೆಲರ್ ನುಗ್ಗಿ ಅದರ ಚಾವಣಿ ನುಚ್ಚುನೂರಾಯಿತು. ಚಾಲಕನಿಗೆ ನಿದ್ರೆಯ ಮಂಪರು ಹತ್ತಿತ್ತೆಂದು ಪತ್ರಿಕೆಗಳು ಬರೆದವು. ಎರಡು ಪ್ರಸಂಗಗಳಲ್ಲಿಯೂ ಪ್ರಾಣ ಹೋಗಲಿಲ್ಲ. ಪ್ರಾಣ ಹೋಗಲಿಲ್ಲವಾದ್ದರಿಂದ ಹಿಂಸೆಯೂ ಆಗಲಿಲ್ಲವೆಂದು ಹೇಳಬಹುದೇ ಎಂಬುದನ್ನು ಮುಂದೆ ವಿಚಾರಿಸೋಣ.

ನಾನು ಸತ್ತೇಗಾಲದ ಕಡೆಯವನು. ಮೈಸೂರು ಸಂಸ್ಥಾನದ ಮಳವಳ್ಳಿಗೂ, ಅಂದು ಮದ್ರಾಸ್ ಆಧಿಪತ್ಯದ ಕೊಯಮತ್ತೂರಿಗೆ ಸೇರಿ 1956ರಲ್ಲಿ ನಮ್ಮದಾದ ಕೊಳ್ಳೇಗಾಲಕ್ಕೂ ನಡುವೆ ಕಾವೇರಿ ಕವಲೊಡೆಯುವ ಶಿವನಸಮುದ್ರದಲ್ಲಿ, ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು 1830ರ ದಶಕದ ಆರಂಭದಲ್ಲಿ ಕಲ್ಲಿನ ಕಂಬಗಳ ಮೇಲೆ ಕಟ್ಟಿಸಿದ ವೆಸ್ಲಿ ಸೇತುವೆ, 2018ರ ಪ್ರವಾಹದಲ್ಲಿ ತನ್ನ ಒಂದು ಭಾಗವನ್ನು ಕಳೆದುಕೊಂಡೂ ನಿಂತಿದೆ. ಅದು ಕಿರಿದಾದ ಸೇತುವೆ. ಅಂಥ ಸೇತುವೆಯ ಮೇಲೆ ಎದುರುಬದುರಾದ ಎರಡು ಹೇರುಗಾಡಿಗಳಿಗೆ ಎಡೆಯಿರುವುದಿಲ್ಲವಾದ್ದರಿಂದ, ಒಂದು ತುದಿಯಲ್ಲಿರುವವನು ಮತ್ತೊಂದು ತುದಿಯನ್ನು ನೋಡಿ, ಅಲ್ಲಿಂದ ಹೊರಟವನು ದಾಟುವ ತನಕ ಎತ್ತುಗಳ ಹಗ್ಗವನ್ನು ಬಿಗಿಹಿಡಿದು ನಿಲ್ಲಬೇಕು. ವಿಮಾನನಿಲ್ದಾಣದ ನಿಯಮವೂ ಮೂಲತಃ ಇದೇ. ನೆಲದ ಮೇಲೆ ಎರಡು ವಿಮಾನಗಳು ಎದುರಾದರೆ ಎರಡೂ ನಿಲ್ಲಬೇಕು, ಇಲ್ಲವೆ ಎರಡೂ ಬಲಕ್ಕೆ ಸರಿಯಬೇಕು. ದಾರಿಗಳು ಕೂಡುವಲ್ಲಿ ತನ್ನ ಬಲಗಡೆಯಿಂದ ಬರುವವನಿಗೆ ಎಡೆ ಬಿಡಬೇಕು. ಹಿಂದಿನಿಂದ ಬರುವವನು ಮುಂದಿನವನಿಗೆ ತಾಗದಂತೆ ಅಂತರವಿಟ್ಟು ಸಾಗಬೇಕು. ಏರಲು ಹೊರಟ ವಿಮಾನಕ್ಕೆ ನಡೆಯುವ ವಿಮಾನ ದಾರಿ ಬಿಡಬೇಕು. ಲೋಕದ ಎಲ್ಲ ರಾಷ್ಟ್ರಗಳ ವೈಮಾನಿಕರೂ ಒಪ್ಪಿಕೊಂಡಿರುವ ಈ ವಿಧಿಗಳಲ್ಲಿ ನಮ್ಮ ಹಳ್ಳಿಯ ಗಾಡಿ ಹೊಡೆಯುವವನಿಗೆ ತಿಳಿಯದ ಸಂಗತಿ ಒಂದೂ ಇಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಕನಕಪುರ, ಮಳವಳ್ಳಿಗಳ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಹೋಗುವ ಭಕ್ತರು ಸತ್ತೇಗಾಲ ಹ್ಯಾಂಡ್‌ಪೋಸ್ಟಿನ ರಸ್ತೆಯ ಅಂಚಿನಲ್ಲಿ ರಾತ್ರಿಯೆಲ್ಲ ಸಾಗುತ್ತಾರೆ. ಅಂಥ ದಾರಿಯಲ್ಲಿ ವಾಹನ ತಗಲಿ ಯಾರಾದರೂ ಸತ್ತರೆ ನಮ್ಮ ಕಡೆಯ ಹಿರಿಯರು ಹಣೆಬರಹವೆಂದು ಹೇಳಿ ಕಣ್ಣೊರಸಿಕೊಳ್ಳುತ್ತಾರೆ. ಕಿರಿಯರು ಚಾಲಕನನ್ನು ಹಿಡಿದು ಹೊಡೆಯಲು ಹೊರಡುತ್ತಾರೆ. ದುಃಖದ ಹೊತ್ತಿನಲ್ಲಿ ಬಾಯಿಂದ ಬರುವ ಮಾತನ್ನು ತರ್ಕಕ್ಕೆ ಒಡ್ಡುವುದು ನಿರ್ದಯವೆಂದು ಬಲ್ಲೆ. ಆದರೆ ಈ ಎರಡು ಪ್ರತಿಕ್ರಿಯೆಗಳು ಮೇಲುನೋಟಕ್ಕೆ ಎಷ್ಟೇ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಸಮಾನವಾಗಿವೆ: ಎರಡೂ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ರಸ್ತೆಯ ಅಂಚಿನಲ್ಲಿ ದೀಪವೇಕೆ ಇರಲಿಲ್ಲ, ಚಾಲಕನು ಎಷ್ಟು ಹೊತ್ತಿನಿಂದ ನಿದ್ರೆಯಿಲ್ಲದೆ ಇದ್ದನು, ಅವನನ್ನು ಹಾಗೆ ದುಡಿಸಿದವರು ಯಾರು ಎಂಬುದನ್ನು ಬ್ರಹ್ಮನನ್ನೂ ಕೇಳುವಂತಿಲ್ಲ, ಹೊಡೆಸಿಕೊಂಡು ಬಿದ್ದವನನ್ನೂ ಕೇಳುವಂತಿಲ್ಲ.

ವಿಮಾನದ ನಡಿಗೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯದೆ ಮುಂದಿನ ವಿಚಾರಕ್ಕೆ ಹೋಗಲಾಗದು. ಆಕಾಶದಲ್ಲಿ ಹಗುರವಾಗಿ ತಿರುಗುವ ಸಣ್ಣ ವಿಮಾನ ನೆಲದ ಮೇಲೆ ಬಹಳ ಅನನುಕೂಲವಾದ ವಾಹನ. ಪೈಲಟನು ಅದನ್ನು ಕಾಲಿನ ಕೆಳಗಿನ ಪೆಡಲುಗಳಿಂದ ತಿರುಗಿಸಬೇಕು. ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾದ ಸೆಸ್ನಾ 172ರ ರೆಕ್ಕೆಗಳು ತುದಿಯಿಂದ ತುದಿಗೆ 11 ಮೀಟರ್ ಚಾಚಿಕೊಂಡಿರುತ್ತವೆ. ಮುಂದುಗಡೆ ತಿರುಗುವ ಪ್ರೊಪೆಲ್ಲರು ವೇಗದಿಂದಾಗಿ ಕಣ್ಣಿಗೇ ಕಾಣದಂತಾಗಿ, ಹತ್ತಿರ ಬಂದವನ ಪಾಲಿಗೆ ಅಗೋಚರವಾದ ಕತ್ತಿಯಾಗುತ್ತದೆ. ಹಿಂದಿನ ಕಾಲದ ವಿಮಾನಗಳ ತೊಂದರೆ ಇನ್ನೂ ವಿಚಿತ್ರವಾದುದು. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದುಸ್ಥಾನ್ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2, ನಮ್ಮ ದೇಶದ ಒಂದು ತಲೆಮಾರಿನ ಪೈಲಟರಿಗೆ ಅಕ್ಷರಾಭ್ಯಾಸ ಮಾಡಿಸಿದ ವಿಮಾನ. ಅದರ ಮೂರನೆಯ ಗಾಲಿ ಬಾಲದ ಕೆಳಗಿತ್ತು. ಆದುದರಿಂದ ನೆಲದ ಮೇಲೆ ನಿಂತಾಗ ಅದರ ಮೂತಿ ಆಕಾಶದ ಕಡೆಗೆ ಎತ್ತಿಕೊಂಡು, ಒಳಗೆ ಕುಳಿತವನಿಗೆ ತಾನು ಹೋಗಬೇಕಾದ ದಾರಿಯನ್ನೇ ಮರೆಮಾಡುತ್ತಿತ್ತು. ಇಂಥ ವಿಮಾನವನ್ನು ನೇರವಾಗಿ ಓಡಿಸುವವನು ಕುರುಡನಾಗಿ ಓಡಿಸುತ್ತಾನೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನಂತೆ ಬಳುಕಿ, ಒಂದೊಂದು ಬಳುಕಿನಲ್ಲಿ ಮೂತಿಯ ಒಂದೊಂದು ಪಕ್ಕದಿಂದ ಮುಂದಣ ನೆಲವನ್ನು ಇಣುಕಿ ನೋಡಿಕೊಂಡು ಸಾಗುವುದೇ ಅದರ ಕ್ರಮ. ಇಂದಿನ ವಿಮಾನಗಳ ಮೂತಿ ತಗ್ಗಿರುವುದರಿಂದ ಆ ಬಳುಕು ಬೇಕಾಗಿಲ್ಲ. ಆದರೆ ಜಕ್ಕೂರಿನಲ್ಲಾಗಲಿ ಮೈಸೂರಿನ ಮಂಡಕಳ್ಳಿಯಲ್ಲಾಗಲಿ, ವಿದ್ಯೆಗೆ ಸೇರಿದ ಹುಡುಗನಿಗೆ ಗುರುವಾದವನು ಹಾರಾಟಕ್ಕೆ ಮೊದಲು ಕಲಿಸಬೇಕಾದುದು ನಡಿಗೆಯನ್ನೇ: ವೇಗ ಚುರುಕಾಗಿ ನಡೆಯುವ ಮನುಷ್ಯನದಕ್ಕಿಂತ ಮೀರಬಾರದು, ತಲೆಯನ್ನು ಕೆಳಗೆ ಮಾಡಿ ಪಟ್ಟಿಯನ್ನು ಓದುವುದಿದ್ದರೆ ವಿಮಾನವನ್ನು ನಿಲ್ಲಿಸಿ ಓದಬೇಕು, ರೆಕ್ಕೆಯ ತುದಿ ಎಲ್ಲಿಯಾದರೂ ತಾಗೀತೆಂದು ಅನುಮಾನ ಬಂದರೆ ನಿಲ್ಲಬೇಕು. ದೊಡ್ಡ ವಿಮಾನಗಳಲ್ಲಿ ಕೂಡ, ನೆಲದ ಮೇಲೆ ನಡೆಯುವಾಗ ಕಾರ್ಯಕ್ಕೆ ಸಂಬಂಧಿಸದ ಮಾತನ್ನು ಆಡಕೂಡದೆಂದು ಅಮೆರಿಕದವರು 1981ರಲ್ಲಿಯೇ ನಿಯಮ ಮಾಡಿದರು. ಏರುವಿಕೆ ಇಳಿಯುವಿಕೆಗಳಷ್ಟೇ ಗಂಭೀರವಾದ ಹೊತ್ತೆಂದು ಈ ನಡಿಗೆಯನ್ನು ಅವರು ಎಣಿಸಿದರು.

ಚುರುಕಾಗಿ ನಡೆಯುವ ಮನುಷ್ಯನ ವೇಗ, ಮುಂದಣ ನೆಲದ ಮೇಲೆ ಬಿಡದ ದೃಷ್ಟಿ, ಮೌನ: ಈ ಮೂರನ್ನೂ ಒಟ್ಟಿಗೆ ಕೇಳಿದ ಕನ್ನಡಿಗನಿಗೆ ಮತ್ತೊಂದು ಚಿತ್ರ ನೆನಪಾಗದಿರದು. ನಮ್ಮ ಜಿಲ್ಲೆಯದೇ ಆದ ಮಲೆಯೂರಿನ ಕನಕಗಿರಿ ಜೈನರಿಗೆ ಪುಣ್ಯಕ್ಷೇತ್ರ; ಪೂಜ್ಯಪಾದಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂದು ಪರಂಪರೆ ಹೇಳುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದವರು ಅವರೇ. ಜೈನಮುನಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ, ಎಂದರೆ ಎಚ್ಚರದ ನಿಯಮಗಳಲ್ಲಿ, ಮೊದಲನೆಯದು ಈರ್ಯಾಸಮಿತಿ, ನಡಿಗೆಯ ಎಚ್ಚರ. ಮುನಿಯಾದವನು ಹಗಲಿನಲ್ಲಿ ಮಾತ್ರ ನಡೆಯತಕ್ಕದ್ದು. ಒಂದು ನೊಗದ ಅಳತೆಯಷ್ಟು, ಎಂದರೆ ನಾಲ್ಕು ಮೊಳದಷ್ಟು ಮುಂದಣ ನೆಲವನ್ನು ನೋಡುತ್ತ ನಡೆಯತಕ್ಕದ್ದು. ಜನರೂ ದನಗಳೂ ಓಡಾಡಿ ತುಳಿದ ದಾರಿಯಲ್ಲಿಯೇ ನಡೆಯತಕ್ಕದ್ದು. ಶಾಸ್ತ್ರಕಾರರು ಈ ನಡಿಗೆಯನ್ನು ಧರ್ಮದ ಮೊದಲ ಸಾಲಿನಲ್ಲಿ ಇಟ್ಟದ್ದು ಏಕೆಂದರೆ, ಮನುಷ್ಯನಿಂದ ಲೋಕಕ್ಕಾಗುವ ಪೀಡೆಯ ಬಹುಪಾಲು ಅವನ ಕ್ರೋಧದಿಂದ ಆಗುವುದಲ್ಲ, ಅವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಮ್ಮನೆ ಹೋಗುವಾಗ ಆಗುವುದೆಂದು ಅವರು ಕಂಡುಕೊಂಡಿದ್ದರು. ಇದು ಬಹು ದೊಡ್ಡ ಕಾಣ್ಕೆಯೆಂದು ನನಗನ್ನಿಸುತ್ತದೆ.

ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಉಮಾಸ್ವಾತಿ ಇಟ್ಟಿರುವ ನಿರ್ಬಂಧವೂ ಈ ಕಾಣ್ಕೆಯಿಂದಲೇ ಹೊರಟಿದೆ. ಪ್ರಾಣಕ್ಕೆ ಹಾನಿಯಾಗುವುದಷ್ಟೇ ಹಿಂಸೆಯಲ್ಲ. ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ ಒಳಗಾದ ವ್ಯಾಪಾರದಿಂದ ಆಗುವ ಪ್ರಾಣಹಾನಿ ಹಿಂಸೆ. ಪೂಜ್ಯಪಾದರು ಇದನ್ನು ವಿಸ್ತರಿಸಿ ಎರಡು ಕಡೆಗೂ ಎಳೆಯುತ್ತಾರೆ. ಈರ್ಯಾಸಮಿತಿಯಿಂದ ಹೆಜ್ಜೆಯಿಡುತ್ತಿರುವ ಮುನಿಯ ಪಾದದ ಕೆಳಗೆ ಎಲ್ಲಿಂದಲೋ ಬಂದ ಕ್ಷುದ್ರಜೀವಿಯೊಂದು ಸತ್ತರೆ ಅವನಿಗೆ ಕರ್ಮಬಂಧವಿಲ್ಲ. ಎಚ್ಚರವಿಲ್ಲದೆ ನಡೆಯುವವನ ಕಾಲಿನ ಕೆಳಗೆ ಯಾವ ಜೀವಿಯೂ ಸಾಯದೆ ಉಳಿದರೂ ಅವನಿಗೆ ಹಿಂಸೆಯ ದೋಷ ತಪ್ಪದು. ದಶರಥನನ್ನು ಫಲವೇ ಬಂಧಿಸಿತು. ಇಲ್ಲಿ ಫಲವನ್ನು ಬದಿಗೆ ಸರಿಸಿ, ಹೆಜ್ಜೆಯನ್ನೇ ನ್ಯಾಯಪೀಠದ ಮುಂದೆ ನಿಲ್ಲಿಸಲಾಗಿದೆ. ಹಾಗಾದರೆ ಮುರಿದ ರೆಕ್ಕೆಯ ತುದಿಯೊಂದರಿಂದ ಮುಗಿದ ಕೋಲ್ಕತ್ತದ ಪ್ರಸಂಗದಲ್ಲಿ, ಪ್ರಮಾದವಿದ್ದುದೇ ನಿಜವಾದರೆ, ಹಿಂಸೆ ನಡೆದುಹೋಯಿತು. ಪ್ರಯಾಣಿಕರು ಬದುಕಿದುದು ಆ ಲೆಕ್ಕವನ್ನು ತಿದ್ದುವುದಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಸನತ್ಸುಜಾತನು ಧೃತರಾಷ್ಟ್ರನಿಗೆ ಪ್ರಮಾದವೇ ಮೃತ್ಯುವೆಂದು ಬೋಧಿಸುವುದೂ ಈ ದೃಷ್ಟಿಗೆ ದೂರವಾದುದಲ್ಲ.

ಇಷ್ಟು ಸ್ಪಷ್ಟವಾದ ಸಿದ್ಧಾಂತ ಕಲ್ಲಿಗೆ ತಾಗಿ ನಿಲ್ಲುವ ಸ್ಥಳವೊಂದಿದೆ. 2001ರ ಅಕ್ಟೋಬರ್ 8ರ ಬೆಳಿಗ್ಗೆ ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣವನ್ನು ದಟ್ಟವಾದ ಮಂಜು ಕವಿದಿತ್ತು. ಇಬ್ಬರು ಪೈಲಟರೂ ಇಬ್ಬರು ಪ್ರಯಾಣಿಕರೂ ಇದ್ದ ಸಣ್ಣ ಸೆಸ್ನಾ ಸೈಟೇಷನ್ ವಿಮಾನಕ್ಕೆ ಆರ್‌5 ಎಂಬ ದಾರಿಯಲ್ಲಿ ಬರಬೇಕೆಂದು ಅಪ್ಪಣೆಯಾಯಿತು. ಅದು ಆರ್‌6ನ್ನು ಹಿಡಿಯಿತು. ಆ ದಾರಿ ನೇರವಾಗಿ ರನ್‌ವೇಯನ್ನು ಅಡ್ಡಹಾಯುತ್ತಿತ್ತು. ಅದೇ ಕ್ಷಣದಲ್ಲಿ ಕೋಪನ್‌ಹೇಗನ್ನಿಗೆ ಹೊರಟ, 110 ಜನರಿದ್ದ ದೊಡ್ಡ ವಿಮಾನ ಪೂರ್ಣವೇಗದಿಂದ ಓಡಿ ಬರುತ್ತಿತ್ತು. ಎರಡೂ ವಿಮಾನಗಳಲ್ಲಿದ್ದ ಎಲ್ಲರೂ, ದೊಡ್ಡ ವಿಮಾನ ಹೋಗಿ ಬಡಿದ ಸಾಮಾನು ಸಾಗಿಸುವ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರೂ, ಒಟ್ಟು 118 ಮಂದಿ ಸತ್ತರು. ದಾರಿ ತಪ್ಪಿದವರು ಸಣ್ಣ ವಿಮಾನದ ಪೈಲಟರೆಂಬುದು ನಿಜ. ಆದರೆ ತನಿಖೆ ಮುಂದುವರಿದಂತೆ ಕಂಡುಬಂದುದೇನು? ನೆಲದ ಮೇಲಣ ಗುರುತುಗಳು ಅಂತರರಾಷ್ಟ್ರೀಯ ಕ್ರಮಕ್ಕೆ ಒಪ್ಪುವಂತಿರಲಿಲ್ಲ, ಕೆಲವು ಮಾಸಿಹೋಗಿದ್ದವು. ಪೈಲಟರು ತಾವಿರುವ ಎಡೆಯ ಗುರುತನ್ನು ರೇಡಿಯೊದಲ್ಲಿ ಹೇಳಿದರು. ಆ ಗುರುತು ಎಲ್ಲಿಯದೆಂಬುದೇ ನಿಯಂತ್ರಕನಿಗೆ ತಿಳಿದಿರಲಿಲ್ಲ. ನೆಲದ ಮೇಲೆ ಸಾಗುವ ವಿಮಾನಗಳನ್ನು ತೋರಿಸಬೇಕಾದ ಹಳೆಯ ರೇಡಾರನ್ನು ನಿಲ್ಲಿಸಲಾಗಿತ್ತು, ಹೊಸದು ಇನ್ನೂ ಕೆಲಸ ಮಾಡುತ್ತಿರಲಿಲ್ಲ. ರನ್‌ವೇಗೆ ಅತಿಕ್ರಮಿಸಿ ಬಂದವರನ್ನು ಪತ್ತೆಹಚ್ಚುವ ಉಪಕರಣವನ್ನು ಬಹಳ ಹಿಂದೆಯೇ ಸ್ಥಗಿತಗೊಳಿಸಲಾಗಿತ್ತು. ಅಷ್ಟು ಕಡಿಮೆ ಬೆಳಕಿನಲ್ಲಿ ವಿಮಾನ ನಡೆಸುವ ಅರ್ಹತೆ ಆ ಪೈಲಟರಿಗೆ ಇರಲಿಲ್ಲ. ಅದನ್ನು ಕೇಳಿ ತಡೆದವರೂ ಇರಲಿಲ್ಲ.

ಇಲ್ಲಿ ಪ್ರಮಾದವೆಲ್ಲಿದೆ? ಪೈಲಟರು ಕಣ್ಣು ಬಿಟ್ಟುಕೊಂಡೇ ಇದ್ದಿರಬಹುದು. ನಾಲ್ಕು ಮೊಳದ ನೆಲವನ್ನು ನೋಡುತ್ತಲೇ ಇದ್ದಿರಬಹುದು. ಆ ನೆಲದಲ್ಲಿ ಬರೆದಿದ್ದುದೇ ಮಾಸಿದ್ದರೆ ದೃಷ್ಟಿಯ ಶುದ್ಧಿಯಿಂದ ಏನಾದೀತು? ಹಾಗೆಂದು ದೋಷವನ್ನು ಬಣ್ಣದ ಮೇಲೆ ಹೊರಿಸಲಾಗದು, ಬಣ್ಣಕ್ಕೆ ಮನಸ್ಸಿಲ್ಲ. ಎಚ್ಚರವೆಂಬುದು ಅಂತರಂಗದ ಗುಣವೆಂದು ಮಾತ್ರ ತಿಳಿದವರಿಗೆ ಇಲ್ಲಿ ಉತ್ತರ ಸಿಕ್ಕದು. ಆದರೆ ಶಾಸ್ತ್ರವನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ, ಹಾಗೆ ತಿಳಿದುದೇ ನಮ್ಮ ಅರೆಗಲಿಕೆಯೆಂದು ಹೊಳೆಯುತ್ತದೆ. ಮುನಿಗಳ ಆಚಾರವನ್ನು ವಿವರಿಸುವ ವಟ್ಟಕೇರರ ಮೂಲಾಚಾರ, ಈರ್ಯಾಸಮಿತಿಗೆ ನಾಲ್ಕು ಶುದ್ಧಿಗಳು ಬೇಕೆನ್ನುತ್ತದೆ: ಮಾರ್ಗದ ಶುದ್ಧಿ, ಬೆಳಕಿನ ಶುದ್ಧಿ, ಗಮನದ ಶುದ್ಧಿ, ಉದ್ದೇಶದ ಶುದ್ಧಿ. ಗಮನವು ನಾಲ್ಕರಲ್ಲಿ ಒಂದು ಮಾತ್ರ! ದಾರಿ ತಕ್ಕದ್ದಾಗಿರದಿದ್ದರೆ, ಬೆಳಕು ಸಾಲದಿದ್ದರೆ, ಎಷ್ಟೇ ಏಕಾಗ್ರಚಿತ್ತನಾದ ಮುನಿಯೂ ಹೆಜ್ಜೆಯಿಡಕೂಡದು. ಇಟ್ಟರೆ ಅದು ಸಮಿತಿಯಲ್ಲ. ಲಿನಾಟೆಯ ಆ ಮುಂಜಾನೆ ಬೆಳಕು ಶುದ್ಧವಾಗಿರಲಿಲ್ಲ, ಮಾರ್ಗವೂ ಶುದ್ಧವಾಗಿರಲಿಲ್ಲ. ಹಾಗಿರುವಾಗ ನಡೆಯುವವನ ಮೊದಲ ಧರ್ಮ ನೋಡಿ ನಡೆಯುವುದಲ್ಲ, ನಡೆಯದೆ ನಿಲ್ಲುವುದು. ಉದ್ದೇಶದ ಶುದ್ಧಿಯೊಂದೇ ಸಾಲದೆಂಬುದಕ್ಕೆ ಇನ್ನೂ ಹೃದಯವಿದ್ರಾವಕವಾದ ನಿದರ್ಶನ ನಮ್ಮ ಕಣ್ಣ ಮುಂದೆಯೇ ನಡೆದಿದೆ. 2024ರ ಜನವರಿ 2ರಂದು, ನೋಟೊ ಭೂಕಂಪದ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿಯನ್ನು ಒಯ್ಯಲು ಹೊರಟಿದ್ದ ಜಪಾನಿನ ಕರಾವಳಿ ರಕ್ಷಣಾ ವಿಮಾನ ಟೋಕಿಯೊದ ಹನೆಡಾದಲ್ಲಿ ರನ್‌ವೇಯನ್ನು ಪ್ರವೇಶಿಸಿ ನಿಂತಾಗ, ಇಳಿಯುತ್ತಿದ್ದ ದೊಡ್ಡ ವಿಮಾನ ಅದಕ್ಕೆ ಬಡಿಯಿತು. ದೊಡ್ಡದರಲ್ಲಿದ್ದ 379 ಮಂದಿಯೂ ಉರಿಯುವ ವಿಮಾನದಿಂದ ಇಳಿದು ಬದುಕಿದರು; ಪರಿಹಾರವನ್ನು ಹೊತ್ತ ಸಣ್ಣ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು. ಅದಕ್ಕಿಂತ ಪವಿತ್ರವಾದ ಉದ್ದೇಶ ಯಾವುದಿದ್ದೀತು?

ಮುನಿಯು ನಡೆಯುವ ದಾರಿಯನ್ನು ಮುನಿಯು ನಿರ್ಮಿಸುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಅದನ್ನು ತುಳಿದು ಶುದ್ಧ ಮಾಡಿಟ್ಟವರು ಗೃಹಸ್ಥರು, ಅವರ ದನಕರುಗಳು. ಹಾಗೆಯೇ ಪೈಲಟನ ದಾರಿಯನ್ನು ಬಣ್ಣ ಬಳಿಯುವವನು, ದೀಪ ನೋಡಿಕೊಳ್ಳುವವನು, ಹಣಕ್ಕೆ ಮಂಜೂರಾತಿ ಕೊಡುವವನು, ಆ ಕಡತವನ್ನು ಮೇಜಿನ ಮೇಲೆ ಇನ್ನೊಂದು ವಾರ ಇರಗೊಟ್ಟವನು ಎಲ್ಲರೂ ಕೂಡಿ ಮಾಡಿದ್ದಾರೆ. ಇವರಿಗೆ ಪಾಪದಲ್ಲಿ ಪಾಲುಂಟೆ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮ ಒಳಹರಿಯುವುದಕ್ಕೆ ಆಧಾರವಾದವುಗಳನ್ನು ವಿಂಗಡಿಸುವಾಗ ಈ ಪ್ರಶ್ನೆಗೆ ಆಶ್ಚರ್ಯಕರವಾದ ಸೂಕ್ಷ್ಮತೆಯಿಂದ ಉತ್ತರ ಹೇಳುತ್ತದೆ. ಜೀವವನ್ನು ಆಧಾರವಾಗಿ ಉಳ್ಳದ್ದು 108 ಬಗೆ: ಸಂಕಲ್ಪ, ಸಾಧನಸಂಗ್ರಹ, ಕ್ರಿಯೆ ಎಂಬ ಮೂರು, ಮನಸ್ಸು, ಮಾತು, ಕಾಯ ಎಂಬ ಮೂರು, ತಾನೇ ಮಾಡಿದುದು, ಮಾಡಿಸಿದುದು, ಒಪ್ಪಿಕೊಂಡುದು ಎಂಬ ಮೂರು, ಕ್ರೋಧ ಮಾನ ಮಾಯೆ ಲೋಭಗಳೆಂಬ ನಾಲ್ಕು, ಇವುಗಳ ಗುಣಾಕಾರವೇ ಆ ಸಂಖ್ಯೆ. ಒಪ್ಪಿಕೊಂಡು ಸುಮ್ಮನಿದ್ದವನೂ ಇದರಲ್ಲಿ ಬಂದನಷ್ಟೆ. ಆದರೆ ಅದಕ್ಕಿಂತ ವಿಶೇಷವೆಂದರೆ, ಅಜೀವವೂ ಕರ್ಮಕ್ಕೆ ಆಧಾರವಾಗಬಲ್ಲದೆಂದು ಹೇಳಿ ಅದರ ಬಗೆಗಳನ್ನೂ ಎಣಿಸಿರುವುದು. ವಸ್ತುವನ್ನು ಇಡುವುದರಲ್ಲಿ ನಾಲ್ಕು ದೋಷಗಳಿವೆ: ನೋಡದೆ ಇಡುವುದು, ಸರಿಯಾಗಿ ಶುಚಿಗೊಳಿಸದೆ ಇಡುವುದು, ಅವಸರದಿಂದ ಇಡುವುದು, ತಕ್ಕ ಎಡೆಯೆಂದು ವಿಚಾರಿಸದೆ ಇಡುವುದು. ಮಾಸಿದ ಗೆರೆಗೆ ಮನಸ್ಸಿಲ್ಲ, ಸರಿ. ಆದರೆ ಅದನ್ನು ಹಾಗೆ ಬಿಟ್ಟ ಕೈಯ ಅನವಧಾನ ಅದರಲ್ಲಿ ಕುಳಿತಿದೆ, ಮತ್ತು ಆ ಕೈ ಎಷ್ಟೋ ವರ್ಷಗಳ ಹಿಂದೆ ನಿವೃತ್ತಿಯಾಗಿ ಹೋಗಿದ್ದರೂ ಅಲ್ಲಿಯೇ ಕುಳಿತಿರುತ್ತದೆ. ತಾಳೆಗರಿಯ ಕಾಲದ ಗ್ರಂಥವೊಂದು ವಿಮಾನನಿಲ್ದಾಣವನ್ನು ಮುಂಗಂಡಿತ್ತೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ವಸ್ತುಗಳ ನಡುವೆ ಬಾಳುವ ಮನುಷ್ಯನ ಹೊಣೆಯನ್ನು ಆ ಶಾಸ್ತ್ರಕಾರರು ಪ್ರಾಮಾಣಿಕವಾಗಿ ಕೊನೆಯ ತನಕ ಯೋಚಿಸಿದರು. ಆದುದರಿಂದ ಅವರ ಯೋಚನೆ ನಮ್ಮ ವಸ್ತುಗಳಿಗೂ ಸಲ್ಲುತ್ತದೆ, ಅಷ್ಟೇ.

ಆ ಐದು ಸಮಿತಿಗಳಲ್ಲಿ ಮತ್ತೊಂದಾದ ಭಾಷಾಸಮಿತಿಯ, ಅಂದರೆ ಮಾತಿನ ಎಚ್ಚರದ, ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ, ಮಂಜಿನ ನಡುವೆ, ಒಂದು ದೊಡ್ಡ ವಿಮಾನ ರನ್‌ವೇಯ ಮೇಲೆ ನಡೆಯುತ್ತಿರುವಾಗಲೇ ಇನ್ನೊಂದು ಏರಲು ಓಡಿ ಬಂದು ಬಡಿದು 583 ಮಂದಿ ಸತ್ತರಷ್ಟೆ. ಅದರ ಹಿಂದೆ ಎರಡರ್ಥಕ್ಕೆ ಎಡೆಗೊಟ್ಟ ಒಂದು ವಾಕ್ಯವಿತ್ತು, ಮತ್ತು ಒಂದೇ ಕ್ಷಣದಲ್ಲಿ ಹೊರಟು ಒಂದನ್ನೊಂದು ಅಳಿಸಿಹಾಕಿದ ಎರಡು ರೇಡಿಯೊ ಮಾತುಗಳಿದ್ದವು. ಆ ಬಳಿಕ, ಏರುವಿಕೆಯನ್ನು ಸೂಚಿಸುವ ಪದವನ್ನು ಏರಲು ಅಪ್ಪಣೆ ಕೊಡುವಾಗ ಇಲ್ಲವೆ ಕೊಟ್ಟ ಆ ಅಪ್ಪಣೆಯನ್ನು ರದ್ದುಪಡಿಸುವಾಗಲ್ಲದೆ ಬೇರೆಲ್ಲಿಯೂ ಉಚ್ಚರಿಸಬಾರದೆಂಬ ಕಟ್ಟಳೆ ಲೋಕದ ನಿಯಂತ್ರಕರಲ್ಲಿ ಬಂದಿತು. ಕೊಟ್ಟ ಅಪ್ಪಣೆಯನ್ನು ಪೈಲಟನು ಅಕ್ಷರಶಃ ಮರಳಿ ಹೇಳಬೇಕು, ಹೇಳಿದುದನ್ನು ನಿಯಂತ್ರಕನು ಕೇಳಿ ತಾಳೆ ನೋಡಬೇಕು ಎಂಬ ಪದ್ಧತಿಯ ಮಹತ್ತ್ವವೂ ಆಗ ಮತ್ತೆ ಮನದಟ್ಟಾಯಿತು. ನಮ್ಮ ವೇದಪಾಠಶಾಲೆಗಳಲ್ಲಿ ಗುರು ಹೇಳಿದುದನ್ನು ಶಿಷ್ಯ ಮರಳಿ ಹೇಳುವಾಗ ಇರುವ ಶ್ರದ್ಧೆಯೇ ಅಲ್ಲಿಯೂ ಇರಬೇಕಾದುದು.

ದೋಷ ಹೀಗೆ ಹಲವರಲ್ಲಿ ಹಂಚಿಹೋಗಿದೆಯೆಂದ ಮೇಲೆ ದಂಡನೆಯ ಗತಿಯೇನು? ಲಿನಾಟೆಯ ವಿಷಯದಲ್ಲಿ ಇಟಲಿಯ ನ್ಯಾಯಾಲಯಗಳು ನಿಯಂತ್ರಕನೂ ನಿಲ್ದಾಣದ ಹಿರಿಯ ಅಧಿಕಾರಿಗಳೂ ಸೇರಿ ಹಲವರನ್ನು ಕಾರಾಗೃಹಶಿಕ್ಷೆಗೆ ಗುರಿಪಡಿಸಿದವು. ಮತ್ತೊಂದು ಮಾರ್ಗವೂ ಇದೆ. 1991ರ ಫೆಬ್ರವರಿ 1ರ ಸಂಜೆಗತ್ತಲಲ್ಲಿ ಲಾಸ್ ಏಂಜಲಿಸ್ ನಿಲ್ದಾಣದ ನಿಯಂತ್ರಕಿಯೊಬ್ಬರು, 12 ಮಂದಿಯಿದ್ದ ಸಣ್ಣ ವಿಮಾನವನ್ನು ರನ್‌ವೇಯ ಮೇಲೆ ಕಾಯಲು ಹೇಳಿ, ಕೆಲಸದ ಒತ್ತಡದಲ್ಲಿ ಅದನ್ನು ಮರೆತು, ಅದೇ ರನ್‌ವೇಯಲ್ಲಿ ಇಳಿಯಲು ದೊಡ್ಡ ವಿಮಾನಕ್ಕೆ ಅಪ್ಪಣೆ ಕೊಟ್ಟರು. 35 ಜೀವಗಳು ಹೋದವು. ಮರೆವು ಯಾರದೆಂಬುದರಲ್ಲಿ ಸಂದೇಹವೇ ಇರಲಿಲ್ಲ. ಆದರೂ ಅಮೆರಿಕದ ತನಿಖಾ ಮಂಡಲಿ ಮೂಲಕಾರಣವನ್ನು ಆ ಒಬ್ಬರ ಮರೆವಿನಲ್ಲಿ ಇಡಲಿಲ್ಲ. ಒಬ್ಬರು ಮರೆತರೆ ಮತ್ತೊಬ್ಬರು ಹಿಡಿಯುವಂಥ ವ್ಯವಸ್ಥೆಯನ್ನು ಕಟ್ಟದಿದ್ದ ಆಡಳಿತದಲ್ಲಿ ಇಟ್ಟಿತು. ಅಂತರರಾಷ್ಟ್ರೀಯ ವೈಮಾನಿಕ ಒಪ್ಪಂದದ ಹದಿಮೂರನೆಯ ಅನುಬಂಧವೂ, ಅದನ್ನು ಅನುಸರಿಸುವ ನಮ್ಮ ದೇಶದ 2017ರ ತನಿಖಾ ನಿಯಮಗಳೂ, ಅಪಘಾತದ ತನಿಖೆಯ ಏಕೈಕ ಉದ್ದೇಶ ಮುಂದೆ ಅಂಥದು ಆಗದಂತೆ ತಡೆಯುವುದು, ತಪ್ಪನ್ನು ಯಾರ ಮೇಲಾದರೂ ಹೊರಿಸುವುದಲ್ಲ ಎಂದು ಕಂಠೋಕ್ತವಾಗಿ ಹೇಳಿವೆ. ಮಕ್ಕಳನ್ನು ಕಳೆದುಕೊಂಡ ತಾಯಿತಂದೆಗಳಿಗೆ ಈ ಮಾತು ತಣ್ಣನೆಯ ಮಾತಾಗಿ ಕೇಳೀತು. ಅವರಿಗೆ ಒಂದು ಹೆಸರು ಬೇಕು, ಒಂದು ಮುಖ ಬೇಕು. ಆ ಬಯಕೆಯನ್ನು ಹೀನವೆನ್ನಲು ನನಗೆ ಬಾಯಿ ಬಾರದು. ದಂಡನೀತಿಗೆ ಅದರದೇ ಸ್ಥಾನವಿದೆ. ಕುಡಿದು ವಿಮಾನ ನಡೆಸಿದವನನ್ನೂ ಗೊತ್ತಿದ್ದೂ ಕೆಟ್ಟ ದೀಪವನ್ನು ಸರಿಯಿದೆಯೆಂದು ಬರೆದವನನ್ನೂ ನ್ಯಾಯಾಲಯ ಬಿಡಬಾರದು. ಆದರೆ ಮರೆವಿಗೆ ಸೆರೆಮನೆಯೇ ಉತ್ತರವಾದರೆ, ಮರೆತವರೆಲ್ಲರೂ ಮುಂದೆ ಅದನ್ನು ಮರೆಮಾಡುವವರಾಗುತ್ತಾರೆ.

ತಪ್ಪನ್ನು ಹೊರಿಸದ ತನಿಖೆ ತಪ್ಪನ್ನು ಅಳಿಸಿದಂತಾಗಲಿಲ್ಲವೇ ಎಂದು ಕೇಳುವವರು ಜೈನರ ಆಲೋಚನೆಯ ವಿಧಿಯನ್ನು ನೋಡಬೇಕು. ಮುನಿಯು ಪ್ರತಿದಿನವೂ ತನ್ನ ನಡೆನುಡಿಗಳನ್ನು ಹಿಂತಿರುಗಿ ನೋಡಿಕೊಂಡು ಪ್ರತಿಕ್ರಮಣ ಮಾಡುತ್ತಾನೆ. ಗುರುವಿನ ಸನ್ನಿಧಿಯಲ್ಲಿ ತನ್ನ ದೋಷಗಳನ್ನು ತಾನೇ ನಿವೇದಿಸಿಕೊಳ್ಳುತ್ತಾನೆ. ಈ ನಿವೇದನೆಗೆ ಆಲೋಚನೆಯೆಂದು ಹೆಸರು. ಗುರು ಅಲ್ಲಿ ಆರೋಪಿಸುವವನಲ್ಲ, ಕೇಳುವವನು. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಆಕರವಾದ ಗಾಹೆಗಳನ್ನು ಒಳಗೊಂಡ ಭಗವತೀ ಆರಾಧನೆಯಲ್ಲಿ, ಈ ನಿವೇದನೆ ಕೆಡುವ ಹತ್ತು ಬಗೆಗಳನ್ನು ಎಣಿಸಿದೆ. ಗುರುವಿನ ಮನಸ್ಸನ್ನು ಮೊದಲೇ ಕರಗಿಸಿಕೊಂಡು ಹೇಳುವುದು ಒಂದು. ದೊಡ್ಡದನ್ನು ಮಾತ್ರ ಹೇಳಿ ಸಣ್ಣದನ್ನು ಬಿಡುವುದು, ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು, ಗದ್ದಲದ ನಡುವೆ ಯಾರಿಗೂ ಕೇಳದಂತೆ ಹೇಳುವುದು, ತನ್ನಂತೆಯೇ ತಪ್ಪು ಮಾಡುವ ಗುರುವನ್ನು ಹುಡುಕಿ ಅವನಿಗೇ ಹೇಳುವುದು, ಇವೂ ಅವುಗಳಲ್ಲಿ ಸೇರಿವೆ. ವಿಮಾನಯಾನದ ವರದಿಗಳನ್ನು ಬರೆಯುವ ಅಧಿಕಾರಿಗಳ ಮುಂದೆ ಈ ಪಟ್ಟಿಯನ್ನು ಇಟ್ಟರೆ, ಯಾವ ವಿವರಣೆಯೂ ಇಲ್ಲದೆ ಅವರಿಗೆ ಅರ್ಥವಾಗುವುದೆಂದು ನಾನು ನಂಬುತ್ತೇನೆ.

ಆ ಹತ್ತರಲ್ಲಿ ಒಂದಕ್ಕೆ ದೃಷ್ಟದೋಷವೆಂದು ಹೆಸರು: ಇತರರು ಕಂಡುದನ್ನು ಮಾತ್ರ ಹೇಳಿ, ಯಾರೂ ಕಾಣದುದನ್ನು ಹೇಳದಿರುವುದು. ಎಲ್ಲಕ್ಕಿಂತ ಹೆಚ್ಚಾಗಿ ನಾವು ವಿಚಾರಿಸಬೇಕಾದುದು ಇದನ್ನೆಂದು ನನಗೆ ತೋರುತ್ತದೆ. ಯಾವುದೋ ತರಬೇತಿ ಶಾಲೆಯ ಹುಡುಗನೊಬ್ಬನು ಮುಂಜಾನೆಯ ಮಬ್ಬಿನಲ್ಲಿ ಒಂಟಿಯಾಗಿ ವಿಮಾನವನ್ನು ನಡೆಸಿಕೊಂಡು ಹೋಗುತ್ತ, ತಿರುವನ್ನು ತಪ್ಪಿ, ರನ್‌ವೇಯ ಅಂಚಿಗೆ ಒಂದು ಗಜ ಮುಂಚೆ ಎಚ್ಚತ್ತು ಬ್ರೇಕನ್ನು ಒತ್ತಿ ನಿಂತನೆಂದು ಭಾವಿಸೋಣ. ಗೋಪುರದವನು ಬೇರೆಡೆ ನೋಡುತ್ತಿದ್ದಾನೆ. ರನ್‌ವೇಯಲ್ಲಿ ಆಗ ಯಾವ ವಿಮಾನವೂ ಇಲ್ಲ. ಯಾರಿಗೂ ಏನೂ ಆಗಿಲ್ಲ. ಹುಡುಗನು ವಿಮಾನವನ್ನು ಹಿಂದಕ್ಕೆ ತಿರುಗಿಸಿ ಸರಿಯಾದ ದಾರಿ ಹಿಡಿದು ಹೋದರೆ, ಅವನು ತಪ್ಪಿದ ಆ ತಿರುವಿನ ಗುರುತು ಮಾಸಿದೆಯೆಂಬುದು ಅವನೊಬ್ಬನಿಗಲ್ಲದೆ ಲೋಕದಲ್ಲಿ ಇನ್ನಾರಿಗೂ ತಿಳಿಯದು. ಫಲವನ್ನು ನೋಡಿ ಪಾಪವನ್ನು ಅಳೆಯುವ ಧರ್ಮ ಅವನಿಗೆ ಹೇಳಲು ಏನೂ ಇಲ್ಲವೆನ್ನುತ್ತದೆ. ಪೂಜ್ಯಪಾದರು ಹಾಗೆನ್ನುವುದಿಲ್ಲ. ಅವರ ಲೆಕ್ಕದಲ್ಲಿ ಅಲ್ಲಿ ಒಂದು ಸಂಗತಿ ನಡೆದಿದೆ, ಅದಕ್ಕೆ ಹೆಸರಿದೆ, ಅದನ್ನು ಸಂಜೆಯೊಳಗೆ ಗುರುವಿನ ಮುಂದೆ ಹೇಳಬೇಕಾಗಿದೆ. ಮತ್ತು ಕೇಳುವ ಸ್ಥಾನದಲ್ಲಿ ಕುಳಿತವನು, ಹೇಳಿದವನನ್ನು ಗದರಿಸದೆ, ಆ ತಿರುವಿಗೆ ಬಣ್ಣ ಬಳಿಯುವವರನ್ನು ನಾಳೆಯೇ ಕಳುಹಿಸಬೇಕಾಗಿದೆ.